ಕಂಡೆನೆಂಬ ಮಾತು

ಯಾರಿಗೂ ಕೇಡು ಮಾಡದ, ಯಾರೂ ಪರೀಕ್ಷಿಸಿ ನೋಡಲಾರದ ಒಂದು ಸಣ್ಣ ಸುಳ್ಳು ನಿಜಕ್ಕೂ ತಪ್ಪೇ? ತತ್ತ್ವಜ್ಞಾನಿಗಳು ಈ ಪ್ರಶ್ನೆಯನ್ನು ಬಹುಕಾಲದಿಂದ ಕೇಳುತ್ತ ಬಂದಿದ್ದಾರೆ. ಅವರ ನಿದರ್ಶನಗಳಲ್ಲಿ ಬಾಗಿಲಿಗೆ ಬಂದ ಕೊಲೆಗಾರನೋ ಸಾವಿನಂಚಿನ ರೋಗಿಯೋ ಇದ್ದೇ ಇರುತ್ತಾರೆ. ನಮ್ಮ ನಿಮ್ಮ ಜೀವನದಲ್ಲಿ ಅಂಥ ಸಂದರ್ಭಗಳು ವಿರಳ. ನಮ್ಮನ್ನು ದಿನನಿತ್ಯ ಪರೀಕ್ಷೆಗೊಡ್ಡುವ ಪ್ರಸಂಗಗಳು ಇವಕ್ಕಿಂತ ಬಹಳ ಚಿಕ್ಕವು. ಅವುಗಳ ಒಂದು ಮಾದರಿಯನ್ನು ಕಾಣಬೇಕಾದರೆ, ಡಿಸೆಂಬರಿನಲ್ಲೋ ಜನವರಿಯಲ್ಲೋ ಒಂದು ದಿನ ದುರ್ಬೀನು ಮತ್ತು ಕಿರು ಟಿಪ್ಪಣಿ ಪುಸ್ತಕ ಹಿಡಿದು ಮೈಸೂರಿನ ಕೆರೆಗಳ ಕಡೆಗೆ ಕಾಲ್ನಡಿಗೆಯಲ್ಲಿ ಹೊರಡಿರೆಂದು ನಾನು ಸೂಚಿಸುತ್ತೇನೆ.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ನಿರ್ಮಾಣವಾದ ಕುಕ್ಕರಹಳ್ಳಿ ಕೆರೆ ಈಗ ನಗರದ ನಡುವೆಯೇ ಇದೆ. ಕುವೆಂಪು ಅವರು ವಾಯುವಿಹಾರಕ್ಕೆ ಬರುತ್ತಿದ್ದ ಏರಿ ಅದು. ನಸುಕಿನಲ್ಲಿ ನೀರಿನ ಮೇಲೆ ಮಂಜು ಕವಿದಿರುವಾಗಲೇ ಹೆಜ್ಜಾರ್ಲೆಗಳು ದೋಣಿಗಳಂತೆ ತೇಲುತ್ತಿರುತ್ತವೆ. ಬಣ್ಣದ ಕೊಕ್ಕರೆಗಳು ಮೊಣಕಾಲಿನಷ್ಟು ನೀರಿನಲ್ಲಿ ಕೊಕ್ಕು ತೆರೆದುಕೊಂಡು ಮೀನು ತಡಕುತ್ತವೆ. ಹಾವಕ್ಕಿ ಒಣಕೊಂಬೆಯ ಮೇಲೆ ರೆಕ್ಕೆ ಹರಡಿ ಬಿಸಿಲಿಗೆ ಕಾಯುತ್ತದೆ. ಇವುಗಳ ವಿಷಯದಲ್ಲಿ ಸತ್ಯವಂತರಾಗಿರುವುದು ಸುಲಭ. ಹೆಜ್ಜಾರ್ಲೆಯನ್ನು ಮತ್ತೊಂದು ಹಕ್ಕಿಯೆಂದು ಭ್ರಮಿಸುವುದಕ್ಕೆ ವಿಶೇಷ ಪ್ರತಿಭೆಯೇ ಬೇಕು.

ಪರೀಕ್ಷೆ ಆರಂಭವಾಗುವುದು ಏರಿಯ ಮರಗಳ ಕೆಳಗೆ ನಿಂತು ತಲೆಯೆತ್ತಿದಾಗ. ಎಲೆಗಳ ನಡುವೆ ಎಲೆಯ ಬಣ್ಣದ್ದೇ ಆದ, ಹತ್ತು ಗ್ರಾಮೂ ತೂಗದ ಒಂದು ಹಕ್ಕಿ ಕ್ಷಣವೂ ನಿಲ್ಲದೆ ಹುಳು ಹೆಕ್ಕುತ್ತಿರುತ್ತದೆ. ಅದು ಎಲೆ ಉಲಿಯಕ್ಕಿ. ಹಿಮಾಲಯದಲ್ಲೋ ಅದರಾಚೆಯ ಮಧ್ಯ ಏಷ್ಯ, ಸೈಬೀರಿಯದ ಕಾಡುಗಳಲ್ಲೋ ಬೇಸಗೆ ಕಳೆದು ಮರಿ ಮಾಡಿ, ಚಳಿಗಾಲಕ್ಕೆ ನಮ್ಮ ಹುಣಸೆಮರವನ್ನು ಹುಡುಕಿಕೊಂಡು ಬಂದ ಅತಿಥಿ. ಅದರ ಆಪ್ತ ಬಂಧುವೊಂದಿದೆ. ಅದು ಬರುವುದು ಕಾಕಸಸ್ ಪರ್ವತಗಳ ಕಡೆಯಿಂದ. ಅದರ ಹೊಟ್ಟೆಯ ಹಳದಿ ತುಸು ಹೆಚ್ಚು, ಬೆನ್ನಿನ ಹಸುರು ತುಸು ಗಾಢ. ಗರಿ ಸವೆದ ಮೇಲೆ ಆ ವ್ಯತ್ಯಾಸವೂ ಮಸುಕಾಗುತ್ತದೆ. ಮೊದಲನೆಯದು ಮೈಸೂರಿನಲ್ಲಿ ಸಾಮಾನ್ಯ, ಎರಡನೆಯದು ಕಂಡರೆ ನಾಲ್ಕು ಜನರಿಗೆ ಹೇಳಿಕೊಳ್ಳಬಹುದು. ನಿಮಗೆ ಕಂಡದ್ದು ಎಷ್ಟು ಹೊತ್ತು? ಎರಡು ಸೆಕೆಂಡು. ಹಳದಿ ಕಂಡಿತೇ? ಕಂಡಿತು. ಆ ಹಳದಿ ಹಕ್ಕಿಯ ಹೊಟ್ಟೆಯದೇ, ಅಥವಾ ಎಲೆಗಳೊಳಗಿಂದ ಸೋಸಿ ಬಂದ ಬೆಳಗಿನ ಬೆಳಕಿನದೇ?

ಆ ಗಳಿಗೆಯಲ್ಲಿ ಮನಸ್ಸಿನೊಳಗೆ ನಡೆಯುವುದನ್ನು ಗಮನಿಸಿ. ಯಾರೂ ಸುಳ್ಳು ಹೇಳಬೇಕೆಂದು ನಿರ್ಧರಿಸುವುದಿಲ್ಲ. ಆಸೆ ಮೊದಲು ಕಣ್ಣನ್ನು ತಿದ್ದುತ್ತದೆ, ಆಮೇಲೆ ನೆನಪನ್ನು ತಿದ್ದುತ್ತದೆ. ಎರಡು ನಿಮಿಷ ಕಳೆಯುವಷ್ಟರಲ್ಲಿ ಹಳದಿ ಇನ್ನಷ್ಟು ಹಳದಿಯಾಗಿರುತ್ತದೆ. ಸಂಜೆ ಮಿತ್ರರೊಡನೆ ಕುಳಿತು ಹೇಳುವಾಗ ‘ಸ್ಪಷ್ಟವಾಗಿಯೇ ಕಂಡಿತು’ ಎಂಬ ಮಾತು ತಾನಾಗಿ ಬಾಯಿಗೆ ಬರುತ್ತದೆ. ಹಕ್ಕಿ ಬಂದು ಅಲ್ಲಗಳೆಯುವುದಿಲ್ಲ. ಜೊತೆಗಿದ್ದವರು ಆಗ ಬೇರೆ ಕಡೆ ನೋಡುತ್ತಿದ್ದರು. ಲೋಕದಲ್ಲಿ ಆ ಮಾತಿಗಿರುವ ಸಾಕ್ಷಿ ನೀವೊಬ್ಬರೇ.

ಇದರಿಂದ ಯಾರಿಗೇನು ನಷ್ಟ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರವಾಗಿ ನಡೆದ ಒಂದು ಘಟನೆಯನ್ನು ಹೇಳುತ್ತೇನೆ. ಹಾಲಕ್ಕಿಯನ್ನು ಹೋಲುವ ಒಂದು ಚಿಕ್ಕ ಗೂಬೆ ಮಧ್ಯಭಾರತದ ಕಾಡುಗಳಲ್ಲಿದೆ. ಫಾರೆಸ್ಟ್ ಔಲೆಟ್ ಎಂದು ಅದಕ್ಕೆ ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ಅದರ ಕೆಲವೇ ಮಾದರಿಗಳು ವಸ್ತುಸಂಗ್ರಹಾಲಯಗಳನ್ನು ಸೇರಿದವು. ಆಮೇಲೆ ದೊರೆತದ್ದು ಒಂದೇ ಮಾದರಿ ಎಂದು ಎಲ್ಲರೂ ನಂಬಿದ್ದರು. ಅದನ್ನು 1914ರಲ್ಲಿ ಗುಜರಾತಿನ ಮಾಂಡ್ವಿಯ ಬಳಿ ತಾನು ಹಿಡಿದೆನೆಂದು ಚೀಟಿ ಬರೆದಿಟ್ಟಿದ್ದವನು ರಿಚರ್ಡ್ ಮೈನರ್ಟ್‌ಜ್‌ಹಾಗನ್ ಎಂಬ ಬ್ರಿಟಿಷ್ ಸೇನಾಧಿಕಾರಿ. ಪ್ರಸಿದ್ಧ ಪಕ್ಷಿತಜ್ಞನೆಂದು ಹೆಸರಾದವನು. ನಮ್ಮ ಸಲೀಂ ಅಲಿಯವರು ಸಹ 1937ರಲ್ಲಿ ಅವನೊಡನೆ ಅಫ್ಘಾನಿಸ್ತಾನಕ್ಕೆ ಪಕ್ಷಿಶೋಧನೆಗೆ ಹೋಗಿದ್ದರು. ಅವನು 1967ರಲ್ಲಿ ತೀರಿಕೊಂಡ. ಅವನ ಸಂಗ್ರಹವನ್ನು ಒಂದೊಂದಾಗಿ ಪರೀಕ್ಷಿಸಿದಾಗ ನಿಜ ಹೊರಬಿದ್ದದ್ದು 1990ರ ದಶಕದಲ್ಲಿ. ಎಷ್ಟೋ ಹಕ್ಕಿಗಳು ಬೇರೆಯವರು ಸಂಗ್ರಹಿಸಿದವು. ಅವನು ಅವನ್ನು ಕದ್ದು, ಹಳೆಯ ಚೀಟಿ ಕಿತ್ತು, ತನ್ನದೇ ಊರು, ತನ್ನದೇ ತಾರೀಕು ಬರೆದಿದ್ದ. ಆ ಗೂಬೆಯೂ ಹಾಗೆಯೇ. ಅದು 1880ರ ದಶಕದಲ್ಲಿ ಖಾನ್‌ದೇಶದಲ್ಲಿ ಜೇಮ್ಸ್ ಡೇವಿಡ್‌ಸನ್ ಸಂಗ್ರಹಿಸಿದ್ದ ಹಕ್ಕಿ. ಅದನ್ನು ಬಿಚ್ಚಿ ಹೊಸದಾಗಿ ಹೊಲಿದಿದ್ದರೂ ಮೊದಲು ಸಿದ್ಧಪಡಿಸಿದವನ ಕೈಯ ಗುರುತು ಒಳಗೆ ಉಳಿದಿತ್ತು.

ಆ ಗೂಬೆ ಅಳಿದೇ ಹೋಯಿತೆಂದು ಬಹಳ ಮಂದಿ ಕೈಬಿಟ್ಟಿದ್ದರು. ಪಮೇಲಾ ರಾಸ್ಮುಸೆನ್ ಮತ್ತು ಅವರ ಇಬ್ಬರು ಸಂಗಡಿಗರು ಆ ಸುಳ್ಳು ಚೀಟಿಯನ್ನು ಬದಿಗಿಟ್ಟು, ನಿಜವಾದ ಹಳೆಯ ಚೀಟಿಗಳಲ್ಲಿದ್ದ ಊರುಗಳನ್ನು ಮಾತ್ರ ಹಿಡಿದು ಹೊರಟರು. 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಆ ಹಕ್ಕಿ ಹಗಲು ಬೆಳಕಿನಲ್ಲಿ ಕೊಂಬೆಯ ಮೇಲೆ ಕುಳಿತಿತ್ತು. ಖಾತರಿಯಾದ ಹಿಂದಿನ ದಾಖಲೆಯಿಂದ 113 ವರ್ಷ ಸಂದಿದ್ದವು. ಒಂದು ಅಂಗುಲದ ಚೀಟಿಯ ಮೇಲಿನ ಬರಹ ಅಷ್ಟು ಕಾಲ ಹುಡುಕುವವರಿಗೆ ತಪ್ಪು ಊರನ್ನು ತೋರಿಸುತ್ತಿತ್ತು. ಮೈನರ್ಟ್‌ಜ್‌ಹಾಗನ್ ಮಾಡಿದ್ದು ಕಳ್ಳತನ. ಎಲೆ ಉಲಿಯಕ್ಕಿಯ ಕೆಳಗೆ ನಿಂತವರು ಮಾಡುವುದು ಹಾಗಲ್ಲ, ಒಪ್ಪುತ್ತೇನೆ. ಆದರೆ ಮುಂದೆ ಓದುವವನಿಗೆ ಎರಡೂ ಚೀಟಿಗಳು ಒಂದೇ ಬಗೆಯಾಗಿ ಕಾಣುತ್ತವೆ.

ಇಂದು ಆ ಮುಂದೆ ಓದುವವರು ಎಲ್ಲೋ ದೂರದಲ್ಲಿಲ್ಲ. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯದ ನೀರುಹಕ್ಕಿಗಳ ಗಣತಿ ನಡೆಯುತ್ತಿದೆ. ಸಾಮಾನ್ಯ ಜನರೇ ಕೆರೆದಂಡೆಯಲ್ಲಿ ನಿಂತು ಅಲ್ಲಿ ಎಣಿಸುತ್ತಾರೆ. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಗೆ ಆಧಾರವಾದದ್ದು ಸುಮಾರು 30,000 ಹವ್ಯಾಸಿಗಳು ಕೂಡಿಸಿದ ಮೂರು ಕೋಟಿಯಷ್ಟು ನೋಟಗಳು. ಅದರಲ್ಲಿ 942 ಜಾತಿಗಳನ್ನು ಪರಿಶೀಲಿಸಿ, 178 ಜಾತಿಗಳಿಗೆ ತುರ್ತಾದ ರಕ್ಷಣೆ ಬೇಕೆಂದು ಹೇಳಲಾಗಿದೆ. ಅಪರೂಪದ ಹಕ್ಕಿಯ ಹೆಸರು ಬಂದರೆ ಅನುಭವಿಗಳು ಚಿತ್ರ ಕೇಳುತ್ತಾರೆ, ವಿವರಣೆ ಕೇಳುತ್ತಾರೆ. ಆದರೆ ಹನ್ನೆರಡು ಗುಳುಮುಳುಕಗಳೆಂದು ಬರೆದವರನ್ನು ಅವು ಹನ್ನೆರಡೇ ಎಂದು ಯಾರು ತಾನೇ ಕೇಳಿಯಾರು? ಇ-ಬರ್ಡ್ ಎಂಬ ದಾಖಲೆ ವ್ಯವಸ್ಥೆಯಲ್ಲಿ ಪಟ್ಟಿಯ ಕೊನೆಗೆ ಒಂದು ಪ್ರಶ್ನೆಯಿದೆ: ಗುರುತಿಸಿದ ಹಕ್ಕಿಗಳನ್ನೆಲ್ಲ ಬರೆದಿದ್ದೀರೋ ಇಲ್ಲವೋ? ಹೌದೆಂದರೆ, ಪಟ್ಟಿಯಲ್ಲಿಲ್ಲದ ಹಕ್ಕಿ ಅಲ್ಲಿ ಕಂಡಿಲ್ಲವೆಂದೇ ಲೆಕ್ಕ. ಕಾಗೆಯನ್ನು ಬರೆಯಲು ಬೇಸರಪಟ್ಟು ‘ಹೌದು’ ಎಂದವರು ಆ ದಿನ ಮೈಸೂರಿನಿಂದ ಕಾಗೆಗಳನ್ನೇ ಓಡಿಸಿಬಿಟ್ಟಿರುತ್ತಾರೆ.

ಕುಕ್ಕರಹಳ್ಳಿಯಿಂದ ಸರಸ್ವತಿಪುರ, ಕುವೆಂಪುನಗರಗಳ ಬೀದಿಗಳಲ್ಲಿ ದಕ್ಷಿಣಕ್ಕೆ ನಡೆದರೆ ಬಿಸಿಲೇರುವ ಹೊತ್ತಿಗೆ ಲಿಂಗಾಂಬುಧಿ ಕೆರೆ ತಲುಪಬಹುದು. ದಾರಿಯಲ್ಲಿ ಕಾಂಪೌಂಡಿನ ಮೇಲೆ ಮಡಿವಾಳ ಹಕ್ಕಿ, ಮೋರಿಯ ಅಂಚಿನಲ್ಲಿ ಬಾಲ ಕುಣಿಸುವ ಬೂದು ಸಿಪಿಲೆ ಕಾಣಸಿಗುತ್ತವೆ. ಕಾಫಿಗೆ ನಿಲ್ಲಬಹುದು. ಹೋಟೆಲಿನ ಬೆಂಚಿನಲ್ಲಿ ಕುಳಿತು ಸುತ್ತಲಿನ ಮಾತು ಕೇಳಿ. ಯಾರೋ ಒಬ್ಬರು ಪಕ್ಕದ ಮನೆಯ ಹುಡುಗಿಯನ್ನು ಯಾರೊಂದಿಗೋ ಬಸ್ ನಿಲ್ದಾಣದಲ್ಲಿ ‘ನಾನೇ ಕಣ್ಣಾರೆ ಕಂಡೆ’ ಎನ್ನುತ್ತಾರೆ. ಎಷ್ಟು ದೂರದಿಂದ? ಎಷ್ಟು ಹೊತ್ತು? ಬೆಳಕು ಹೇಗಿತ್ತು? ಜೊತೆಗಿದ್ದವನು ಅವಳ ಅಣ್ಣನಾಗಿರಲಿಕ್ಕಿಲ್ಲವೇ? ಒಂದು ಉಲಿಯಕ್ಕಿಯ ಹೊಟ್ಟೆಯ ಬಣ್ಣಕ್ಕೆ ನಾವು ಕೇಳುವ ಪ್ರಶ್ನೆಗಳಲ್ಲಿ ಅರ್ಧವನ್ನಾದರೂ ಅಲ್ಲಿ ಯಾರೂ ಕೇಳುವುದಿಲ್ಲ. ಉಲಿಯಕ್ಕಿಗೆ ನಮ್ಮ ತಪ್ಪು ತಿಳಿಯುವುದೇ ಇಲ್ಲ, ಅದು ಹುಳು ಹೆಕ್ಕುತ್ತ ಮುಂದಿನ ಕೊಂಬೆಗೆ ಹೋಗುತ್ತದೆ. ಆ ಹುಡುಗಿ ಮಾತ್ರ ಅದೇ ಬೀದಿಯಲ್ಲಿ ಬದುಕಬೇಕು. ನಮ್ಮ ಸಮಾಜದಲ್ಲಿ ಎಷ್ಟು ಸಂಬಂಧಗಳು ಮುರಿದಿವೆ, ಎಷ್ಟು ಮನೆಗಳ ಬಾಗಿಲು ಮುಚ್ಚಿವೆ, ಎರಡು ಸೆಕೆಂಡಿನ ನೋಟಕ್ಕೆ ಹತ್ತು ವರ್ಷದ ಖಾತರಿಯನ್ನು ಅಂಟಿಸಿದ್ದರಿಂದ!

ಇಷ್ಟು ಹೇಳಿದ ಮೇಲೆ ಎದುರು ಬದಿಯ ದೋಷವನ್ನೂ ಹೇಳಬೇಕು. ಕೆಲವರು ಎಚ್ಚರಿಕೆಯ ಹೆಸರಿನಲ್ಲಿ ಏನನ್ನೂ ಹೇಳಲು ಒಪ್ಪುವುದಿಲ್ಲ. ಕಣ್ಣೆದುರೇ ಕುಳಿತ ಮಿಂಚುಳ್ಳಿಯನ್ನು ಕೂಡ ‘ಇರಬಹುದೇನೋ’ ಎನ್ನುವವರು ವಿನಯವಂತರಂತೆ ಕಾಣುತ್ತಾರೆ. ಅದು ವಿನಯವಲ್ಲ, ಸಾಕ್ಷಿ ಹೇಳುವ ಹೊಣೆಯಿಂದ ತಪ್ಪಿಸಿಕೊಳ್ಳುವ ಜಾಣತನ. ಕಂಡದ್ದನ್ನು ಕಾಣಲಿಲ್ಲವೆನ್ನುವುದರಿಂದ ಕಾಣದ್ದನ್ನು ಕಂಡೆನೆಂದಷ್ಟೇ ಹಾನಿಯಾಗುವ ಸಂದರ್ಭಗಳು ನ್ಯಾಯಾಲಯದಲ್ಲಿಯೂ ಇವೆ, ಕೆರೆದಂಡೆಯಲ್ಲಿಯೂ ಇವೆ. ಕೆರೆಯ ಅಂಗಳಕ್ಕೆ ಕಟ್ಟಡದ ಮಣ್ಣು ಬಂದು ಬೀಳುವಾಗ, ಇಲ್ಲಿ ಕಳೆದ ಐದು ಚಳಿಗಾಲಗಳಲ್ಲಿ ಸೂಜಿಬಾಲದ ಬಾತುಗಳು ಬಂದಿಳಿದಿವೆ ಎಂದು ಧೈರ್ಯವಾಗಿ ಹೇಳಬಲ್ಲ ಒಬ್ಬರಾದರೂ ಬೇಕು. ಅವರ ಮಾತಿಗೆ ಬೆಲೆ ಬರುವುದು ಅವರ ಪುಸ್ತಕದಲ್ಲಿ ‘ತಿಳಿಯಲಿಲ್ಲ’ ಎಂಬ ಪದವೂ ಅಲ್ಲಲ್ಲಿ ಇದ್ದರೆ.

ಲಿಂಗಾಂಬುಧಿಯ ಕೆಸರಂಚಿನಲ್ಲಿ ಅಂಥ ಪದಕ್ಕೆ ಬೇಕಾದಷ್ಟು ಅವಕಾಶವಿದೆ. ಉಲ್ಲಂಕಿ ಎಂಬ ಉದ್ದ ಕೊಕ್ಕಿನ ಹಕ್ಕಿ ಒಣಹುಲ್ಲಿನ ಬಣ್ಣ ಹೊದ್ದು ನಿಮ್ಮ ಕಾಲಬುಡದಲ್ಲೇ ಅಡಗಿದ್ದು, ತುಳಿಯುವಷ್ಟರಲ್ಲಿ ಗಕ್ಕನೆ ಹಾರುತ್ತದೆ. ಚಳಿಗಾಲದಲ್ಲಿ ಇಲ್ಲಿಗೆ ಬರುವ ಎರಡು ಜಾತಿಗಳನ್ನು ಬೇರ್ಪಡಿಸುವ ಲಕ್ಷಣಗಳಿವೆ. ಒಂದರ ರೆಕ್ಕೆಯ ಹಿಂದಿನ ಅಂಚಿನಲ್ಲಿ ಎದ್ದು ಕಾಣುವ ಬಿಳಿ ಗೆರೆ. ಇನ್ನೊಂದರ ಬಾಲದ ಹೊರಗರಿಗಳು ಸೂಜಿಯಂತೆ ಸಣ್ಣವು, ಅವು ಕಾಣಬೇಕಾದರೆ ಹಕ್ಕಿ ಬಾಲ ಬಿಚ್ಚಿ ತೋರಿಸಬೇಕು. ಹಾರಿ ಹೋಗುವ ಹಕ್ಕಿ ಅಷ್ಟು ಉಪಕಾರ ಮಾಡುವುದು ಅಪರೂಪ. ಬಿಳಿ ಗೆರೆ ಕಂಡರೆ ಹೆಸರು ಬರೆಯಿರಿ. ಕಾಣದಿದ್ದರೆ ‘ಉಲ್ಲಂಕಿ, ಒಂದು, ಜಾತಿ ತಿಳಿಯಲಿಲ್ಲ’ ಎಂದು ಬರೆದು ಪುಟ ತಿರುಗಿಸಿ.

ಸಂಜೆಯ ಹೊತ್ತಿಗೆ ಬೆಳ್ಳಕ್ಕಿಗಳು ಗುಂಪುಗುಂಪಾಗಿ ಮರಗಳಿಗೆ ಮರಳುತ್ತವೆ. ಎಣಿಸುವ ಕ್ರಮ ಸರಳವಾದದ್ದು. ಮೊದಲು ಹತ್ತನ್ನು ಒಂದೊಂದಾಗಿ ಎಣಿಸಿ, ಆ ಹತ್ತು ಆಕಾಶದಲ್ಲಿ ಎಷ್ಟು ಜಾಗ ಹಿಡಿಯುತ್ತದೆಂದು ಕಣ್ಣಳತೆಯಲ್ಲಿ ಇರಿಸಿಕೊಂಡು, ಉಳಿದ ಗುಂಪನ್ನು ಅದರಿಂದ ಅಳೆಯಬೇಕು. ಇಬ್ಬರು ಎಣಿಸಿದರೆ ಒಬ್ಬರಿಗೆ 180, ಮತ್ತೊಬ್ಬರಿಗೆ 230 ಬರುವುದುಂಟು. ಆಗ ಎರಡನ್ನೂ ಬರೆದುಕೊಳ್ಳಿ. ಅಷ್ಟರಲ್ಲಿ ಜೊಂಡಿನ ಮೇಲೆ ತೇಲಿ ಬರುವ ಕಂದುಬಣ್ಣದ ಹದ್ದೊಂದು ಕಂಡೀತು. ತಲೆ ಬಿಳಿಚಾಗಿದ್ದರೆ ಜವುಗು ಸೆಳೆವ. ಬೆಳಕು ಇಳಿಯುತ್ತಿದೆ, ದುರ್ಬೀನನ್ನು ತುಸು ಬೇಗ ಎತ್ತಿ.