ತೊಳೆಯುವ ಕೈ, ಒಡ್ಡುವ ಕಾಲು

ತುಂಬಿದ ಕೊಡ ತುಳುಕುವುದಿಲ್ಲ ಎಂಬುದು ನಮ್ಮ ಗಾದೆ. ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಕ್ರಿಸ್ತನ ಬಗ್ಗೆ ಪೌಲ ಹೇಳುವುದು ತುಂಬಿದ ಕೊಡ ತಾನಾಗಿ ಬರಿದಾದ ಕತೆ.

*

ಹೈದರಾಬಾದಿನ ಬೀದಿಗಳಲ್ಲಿ ಸುವಾರ್ತಾ ಕೂಟಗಳ ಫ್ಲೆಕ್ಸ್ ನೋಡಬೇಕು. ದೇವರ ಸೇವಕನ ಚಿತ್ರ ಆಳೆತ್ತರ. ಒಡೆಯನ ಹೆಸರು ಮೇಲಿನ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ.

*

ಇದೇ ಊರಿನಲ್ಲಿ, ಗೋಲ್ಕೊಂಡ ಕ್ರಾಸ್‌ರೋಡ್ಸ್‌ನ ಹೆಬ್ರೋನ್ ಸಭೆಯಲ್ಲಿ, ಸುವಾರ್ತಿಕ ಭಕ್ತಸಿಂಗ್ ಇದ್ದರು. ಪಂಜಾಬಿನ ಸಿಖ್ ಮನೆಯ ಮಗ, ಕೆನಡಾದಲ್ಲಿ ಎಂಜಿನಿಯರಿಂಗ್ ಓದಿದವರು. 'ಬ್ರದರ್' ಎನ್ನುವುದಕ್ಕಿಂತ ದೊಡ್ಡ ಬಿರುದನ್ನು ಅವರು ಇಟ್ಟುಕೊಳ್ಳಲಿಲ್ಲ. ವರ್ಷದ ಮಹಾಕೂಟಕ್ಕೆ ಸಾವಿರಾರು ಜನ. ಕೂರುವುದಕ್ಕೆ ಚಾಪೆ, ಉಣ್ಣುವುದಕ್ಕೆ ಪಂಕ್ತಿ. ಚಾಪೆಯಲ್ಲೂ ಮುಂದಿನ ಸಾಲು ಎಂಬುದಿರುತ್ತದೆ ನಿಜ, ಆದರೆ ಅದಕ್ಕೆ ಕೈಯಾನಿಕೆ ಇರುವುದಿಲ್ಲ.

*

ಆರಾಧನೆ ಮುಗಿದು ಹೊರಬರುವಾಗ ಇಲ್ಲಿ ಎಲ್ಲರೂ 'ವಂದನಾಲು' ಅನ್ನುತ್ತಾರೆ. ಕಿರಿಯವನೇ ಮೊದಲು ಹೇಳಲಿ ಎಂದು ಕಾಯುವ ಆ ಅರೆಗಳಿಗೆಯಲ್ಲಿ, ಅದುವರೆಗೆ ಕೇಳಿದ ಪ್ರಸಂಗ ನನ್ನಿಂದ ಸೋರಿಹೋಗಿರುತ್ತದೆ.

*

'ದೀನ' ಎಂಬ ಮಾತಿನಲ್ಲೊಂದು ತೊಡಕಿದೆ. ತಾನಾಗಿ ಬಾಗಿದವನೂ ದೀನ, ಗತಿಯಿಲ್ಲದವನೂ ದೀನ. ಬೋಧಿಸುವವರು ಎರಡನ್ನೂ ಬೆರೆಸಿಬಿಡುತ್ತಾರೆ. ತೆಲಂಗಾಣದ ಸಭೆಗಳಲ್ಲಿ ಕೂತವರಲ್ಲಿ ಬಹಳ ಮಂದಿ ಮಾಲ, ಮಾದಿಗ ಮನೆಗಳವರು. ತಲೆಮಾರುಗಳಿಂದ ತಗ್ಗಿಸಿಟ್ಟ ತಲೆಗೆ ಮತ್ತೆ 'ತಗ್ಗು' ಎಂದರೆ ಅದು ಸುವಾರ್ತೆಯಲ್ಲ, ಹಳೆಯ ಜಮೀನ್ದಾರನ ಅಪ್ಪಣೆ. ಇಳಿಯಬೇಕಾದವನು ಮೊದಲು ಮೆಟ್ಟಿಲ ಮೇಲಿರಬೇಕು.

ಹೈದರಾಬಾದಿನ ಆರ್ಚ್‌ಬಿಷಪ್ ಆಂಟೊನಿ ಪೂಲಾ 2022ರ ಆಗಸ್ಟ್ 27ರಂದು ಕಾರ್ಡಿನಲ್ ಆದರು, ದಲಿತರಲ್ಲಿ ಮೊದಲಿಗರು. ಅಂದು ತಲೆಯೆತ್ತಿದವರ ಸಂತೋಷವನ್ನು ಗರ್ವ ಎನ್ನಲು ನನಗೆ ಬಾಯಿ ಬರದು.

*

ಎಡಿನ್‌ಬರೋ, 1910. ನಿಜಾಮನ ಸೀಮೆಯ ದೋರ್ನಕಲ್‌ನಿಂದ ಹೋಗಿದ್ದ ವಿ. ಎಸ್. ಅಜರಯ್ಯ ಮಿಷನರಿಗಳ ತುಂಬಿದ ಸಭೆಯಲ್ಲಿ ಎದ್ದು ನಿಂತರು. ನಿಮ್ಮ ತ್ಯಾಗ ಕಂಡಿದ್ದೇವೆ, ನಮಗೆ ಬೇಕಾದ್ದು ನಿಮ್ಮ ಗೆಳೆತನ ಎಂಬರ್ಥದ ಮಾತಾಡಿದರು. ಹಲವರಿಗೆ ಇರುಸುಮುರುಸಾಯಿತು. ಎರಡು ವರ್ಷ ಕಳೆದು ಅದೇ ಅಜರಯ್ಯ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದರು.

ಕೊಡುವವನ ಕೈ ಯಾವಾಗಲೂ ಮೇಲೇ ಇರುತ್ತದೆ. ಪ್ರಾಣ ಕೊಟ್ಟಾರು, ಪಕ್ಕದಲ್ಲಿ ಎಲೆ ಹಾಕಿಸಿಕೊಳ್ಳಲಾರರು.

*

ಮೆದಕ್‌ನ ಕೆಥೆಡ್ರಲ್‌ಗೆ 175 ಅಡಿಯ ಗೋಪುರ. ಇದರಲ್ಲಿ ದೀನತೆ ಎಲ್ಲಿದೆ ಎಂದು ಮೊದಲ ಸಲ ನೋಡಿದಾಗ ಮನಸ್ಸಿನಲ್ಲೇ ಗೊಣಗಿದ್ದೆ. ಆಮೇಲೆ ತಿಳಿಯಿತು, ಅದು ಕ್ಷಾಮದ ಕಾಲದಲ್ಲಿ ಎದ್ದ ಕಟ್ಟಡ. ಹಸಿದು ಬಂದವರಿಗೆ ಮಿಷನರಿ ಚಾರ್ಲ್ಸ್ ವಾಕರ್ ಪೋಸ್ನೆಟ್ ಕೆಲಸ ಕೊಟ್ಟರು, ಕೆಲಸಕ್ಕೆ ಅನ್ನ ಕೊಟ್ಟರು. 1924ರ ಕ್ರಿಸ್ಮಸ್ ದಿನ ಪ್ರತಿಷ್ಠೆ. ಕಲ್ಲು ಹೊತ್ತವನು ದುಡಿದದ್ದನ್ನು ಪಡೆದು ಮನೆಗೆ ಹೋದ. ಯಾರ ಎದುರೂ ಕೈಯೊಡ್ಡಬೇಕಾಗಲಿಲ್ಲ. ಗೋಪುರ ಎತ್ತರವಾದಷ್ಟೂ ಊಟದ ದಿನಗಳು ಹೆಚ್ಚಿದವು ಎಂದು ಈಗ ಲೆಕ್ಕ ಹಾಕುತ್ತೇನೆ.

*

ಕಾಲು ತೊಳೆಯಲು ಯೇಸು ಬಾಗಿದಾಗ ಪೇತ್ರ ಬೇಡವೆಂದ. ಎಷ್ಟು ವಿನಯ ಅನ್ನಿಸುತ್ತದೆ! ತನ್ನ ಗುರು ಎಲ್ಲಿ ಕೂರಬೇಕೆಂದು ತಾನೇ ತೀರ್ಮಾನಿಸುವ ವಿನಯ ಅದು.

*

ಭಕ್ತಸಿಂಗ್ ಕೊನೆಯ ವರ್ಷಗಳನ್ನು ಪಾರ್ಕಿನ್ಸನ್ ಕಾಯಿಲೆಯಲ್ಲಿ ಕಳೆದರು. ಗಂಟೆಗಟ್ಟಲೆ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದವರು ಹಾಸಿಗೆ ಹಿಡಿದು, ಬೇರೆಯವರ ಕೈಗೆ ಮೈ ಒಪ್ಪಿಸಬೇಕಾಯಿತು. 2000ದ ಸೆಪ್ಟೆಂಬರ್ 17ರಂದು ತೀರಿಕೊಂಡರು. ಅವರ ಪ್ರಸಂಗಗಳಿಗಿಂತ ಆ ಹಾಸಿಗೆಯ ವರ್ಷಗಳ ಬಗ್ಗೆಯೇ ನಾನು ಹೆಚ್ಚು ಯೋಚಿಸುವುದು.

*

ಪವಿತ್ರ ಗುರುವಾರ ಪಾದ ತೊಳೆಸಿಕೊಳ್ಳಲು ಹನ್ನೆರಡು ಮಂದಿ ಸಾಲಾಗಿ ಕೂರುತ್ತಾರೆ. ಗುರುಗಳು ನೀರು ಹೊಯ್ದರೆ ಬೋಗುಣಿಯಲ್ಲಿ ಬೀಳುವ ನೀರು ತಿಳಿಯಾಗಿಯೇ ಇರುತ್ತದೆ. ಎಲ್ಲರೂ ಮನೆಯಲ್ಲೇ ಸೋಪು ಹಚ್ಚಿ ತೊಳೆದುಕೊಂಡು ಬಂದಿರುತ್ತಾರೆ. ನನ್ನ ಸರದಿ ಬಂದ ವರ್ಷ ನಾನೂ ಬಚ್ಚಲಲ್ಲಿ ಕೂತು, ಒಡೆದ ಹಿಮ್ಮಡಿಯನ್ನು ಕಲ್ಲಿನಿಂದ ಉಜ್ಜಿಕೊಂಡೇ ಹೋಗಿದ್ದೆ.