ಬಟ್ಟೆ ಕಾಯುತ್ತಿದ್ದ ಯೌವನಸ್ಥ

ಇವತ್ತು ಒಂದೇ ಪ್ರಶ್ನೆ ಕೇಳ್ತೀನಿ. ವಾಟ್ಸಾಪ್ ಗ್ರೂಪಲ್ಲಿ ಒಬ್ಬರನ್ನ ಎಲ್ಲರೂ ಸೇರಿ ಗೇಲಿ ಮಾಡುವಾಗ, ಏನೂ ಬರೆಯದೆ, ಫಾರ್ವರ್ಡ್ ಕೂಡ ಮಾಡದೆ, ಬರೀ ನೋಡಿದವನು ತಪ್ಪು ಮಾಡಿದ್ದಾನಾ?

ಅಪೊಸ್ತಲರ ಕೃತ್ಯಗಳು 7ನೇ ಅಧ್ಯಾಯ ತೆಗೆಯಿರಿ. ಸ್ತೆಫನನ ಮೇಲೆ ಕಲ್ಲು ಬೀಳ್ತಾ ಇದೆ. ಸಾಕ್ಷಿ ಹೇಳಿದವರು ತಮ್ಮ ಮೇಲ್ಬಟ್ಟೆಗಳನ್ನು ಸೌಲನೆಂಬ ಯೌವನಸ್ಥನ ಕಾಲ ಬಳಿ ಇಟ್ಟಿದ್ದಾರೆ. ಸೌಲನು ಒಂದು ಕಲ್ಲನ್ನಾದರೂ ಎಸೆದನೆಂದು ಅಲ್ಲಿ ಬರೆದಿಲ್ಲ. ಆದರೆ ಅದೇ ಸೌಲ ಪೌಲನಾಗಿ ಎಷ್ಟೋ ವರ್ಷ ಕಳೆದ ಮೇಲೆ, 22ನೇ ಅಧ್ಯಾಯದಲ್ಲಿ, ತಾನೂ ಅಲ್ಲಿ ಒಪ್ಪಿಕೊಂಡು ನಿಂತಿದ್ದೆನೆಂದು ಅರಿಕೆ ಮಾಡ್ತಾನೆ. "ನಾನು ಕಲ್ಲು ಎಸೆದಿಲ್ಲ" ಅನ್ನೋ ನೆಪ ಅವನು ಹೇಳಲಿಲ್ಲ.

ನೀವು ಕೇಳಬಹುದು: "ಬ್ರದರ್, ಸೌಲ ಒಪ್ಪಿದ್ದ. ನಾನು ಒಪ್ಪಿರಲಿಲ್ಲ, ಸುಮ್ನೆ ಇದ್ದೆ." ಸರಿ. ಆದರೆ ನೀವು ಮನಸ್ಸಲ್ಲಿ ಒಪ್ಪಿರಲಿಲ್ಲ ಅನ್ನೋದು ಪೆಟ್ಟು ತಿಂದವರಿಗೆ ಹೇಗೆ ಗೊತ್ತಾಗಬೇಕು?

ಇದನ್ನ ನಾನು ಪುಸ್ತಕ ಓದಿ ಕಲಿತಿದ್ದಲ್ಲ. ನಮ್ಮ ಯೂತ್ ಗ್ರೂಪಲ್ಲೇ ನಡೆದದ್ದು. ಆರಾಧನೆಯಲ್ಲಿ ಕಣ್ಣೀರಿಟ್ಟು ಪ್ರಾರ್ಥಿಸ್ತಿದ್ದ ಒಬ್ಬ ತಂಗಿಯ ಫೋಟೋ ತೆಗೆದು ಯಾರೋ ಸ್ಟಿಕ್ಕರ್ ಮಾಡಿದರು. ಎಕ್ಸಾಂ ಬಂದರೆ ಆ ಸ್ಟಿಕ್ಕರ್, ಮ್ಯಾಚ್ ಸೋತರೆ ಆ ಸ್ಟಿಕ್ಕರ್. ನಾನು ಆ ಗ್ರೂಪಿನ ಅಡ್ಮಿನ್. ನೋಡಿದೆ, ನಕ್ಕೆ, ಫೋನ್ ಜೇಬಿಗಿಟ್ಟೆ. ಮಕ್ಕಳ ತಮಾಷೆ ಅಂದುಕೊಂಡೆ.

ಆ ತಂಗಿ ಸಭೆಗೆ ಬರೋದು ನಿಲ್ಲಿಸಿದಳು. ಪಿಯುಸಿ ಓದು ಇರಬೇಕು ಅಂದುಕೊಂಡೆ. ಅವಳ ಅಮ್ಮ ಬಂದು, "ರಾತ್ರಿ ಎರಡು ಗಂಟೆಯಾದರೂ ಫೋನ್ ಬಿಡಲ್ಲ ಪಾಸ್ಟರ್, ಪ್ರಾರ್ಥನೆ ಮಾಡಿ" ಅಂದರು. ನಾನು ಮಾಡಿದ್ದೇನು? ಅವಳಿಗೇ ಫೋನ್ ಮಾಡಿ, ಒಂದು ವಾರ ಫೋನ್ ಉಪವಾಸ ಮಾಡಮ್ಮ ಅಂತ ಬುದ್ಧಿ ಹೇಳಿದೆ! ಆಗ ಅವಳು ಹೇಳಿದ್ದು: "ಬ್ರದರ್, ಇವತ್ತು ಯಾರಾದರೂ 'ಸಾಕು' ಅಂದಿರಬಹುದಾ ಅಂತ ನೋಡೋಕೆ ದಿನಾ ಗ್ರೂಪ್ ತೆಗೀತೀನಿ."

ಪ್ರಿಯರೇ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಫೋನ್ ಚಟ ಅಂದ ತಕ್ಷಣ ನಾವು ಸ್ವನಿಯಂತ್ರಣದ ಬಗ್ಗೆ ಪ್ರಸಂಗ ಮಾಡ್ತೀವಿ. ಸ್ವನಿಯಂತ್ರಣ ಆತ್ಮನ ಫಲವೇ, ಇಲ್ಲ ಅನ್ನಲ್ಲ. ಆದರೆ ಅವಳು ಫೋನಿನಲ್ಲಿ ಹುಡುಕ್ತಿದ್ದದ್ದು ಮಜಾ ಅಲ್ಲ, ಒಬ್ಬ ಮನುಷ್ಯನನ್ನು. ಸಿಗಲಿಲ್ಲ. ಮೊದಲೆಲ್ಲ ಶಾಲೆಯ ಗೇಟು ದಾಟಿದರೆ ಗೇಲಿ ಅಲ್ಲೇ ಉಳೀತಿತ್ತು. ಈಗ ಅದು ದಿಂಬಿನ ಕೆಳಗೆ ಮಲಗುತ್ತೆ.

"ಮಾತಾಡಿದರೆ ನನ್ನದೇ ಸ್ಟಿಕ್ಕರ್ ಆಗುತ್ತೆ" ಅನ್ನೋ ಭಯ ನಿಜ. ಅದಕ್ಕೇ ಯೆರೆಮೀಯ 38 ಓದಿ. ಪ್ರವಾದಿಯನ್ನು ಕೆಸರಿನ ಬಾವಿಗೆ ಇಳಿಸಿದ್ದಾರೆ. ಕೂಷ್ ದೇಶದ ಎಬೆದ್ಮೆಲೆಕ ಆ ಪ್ರಧಾನರ ಜೊತೆ ಜಗಳಕ್ಕೆ ಹೋಗಲಿಲ್ಲ. ನೇರ ರಾಜನ ಹತ್ತಿರ ಹೋಗಿ ವಿಷಯ ತಿಳಿಸಿದ, ಜನರನ್ನು ಕರೆದುಕೊಂಡು ಬಂದ, ಹಗ್ಗ ಇಳಿಸಿದ. ಕಂಕುಳಿಗೆ ಹಗ್ಗ ಒತ್ತಬಾರದೆಂದು ಹಳೇ ಬಟ್ಟೆಯನ್ನೂ ಇಳಿಸಿದ. ಸೌಲ ಕಾಯ್ದದ್ದೂ ಬಟ್ಟೆ, ಇವನು ಕೊಟ್ಟದ್ದೂ ಬಟ್ಟೆ.

ನಿಮಗೂ ಇಷ್ಟು ಸಾಧ್ಯ. ನೊಂದವರಿಗೆ ಪ್ರತ್ಯೇಕವಾಗಿ ಒಂದು ಮೆಸೇಜ್ ಹಾಕಿ: "ನೋಡಿದೆ, ಅದು ತಪ್ಪು, ನಾನು ನಿನ್ನ ಜೊತೆ ಇದ್ದೀನಿ." ಸ್ಕ್ರೀನ್‌ಶಾಟ್ ಇಟ್ಟುಕೊಂಡು ನಂಬಿಗಸ್ತ ದೊಡ್ಡವರಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098, ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್ 14416. ಫೋನ್ ಬಿಡೋಕೇ ಆಗ್ತಿಲ್ಲ ಅನ್ನೋರಿಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಇದೆ. ಅಲ್ಲಿಗೆ ಹೋಗೋದು ವಿಶ್ವಾಸದ ಕೊರತೆ ಅಲ್ಲ.

ನಾನು ಅವಳ ಮನೆಗೆ ಹೋಗಿ ಕ್ಷಮೆ ಕೇಳಿದೆ. ನಂತರ ಅದೇ ಗ್ರೂಪಲ್ಲಿ, ನಾನು ನಕ್ಕಿದ್ದೆ ಅಂತ ಬರೆದು ಎಲ್ಲರ ಮುಂದೆ ಕೇಳಿದೆ. ಸ್ಟಿಕ್ಕರ್ ಮಾಡಿದ ತಮ್ಮನೂ ಮುಂದೆ ಬಂದ. ಅವನನ್ನ ನಾವು ಹೊರಗೆ ಹಾಕಲಿಲ್ಲ. ಸೌಲನನ್ನು ಕರೆದ ದೇವರು ಅವನನ್ನೂ ಕರೆಯಬಲ್ಲರು. ಆ ತಂಗಿ ಈಗ ಸಭೆಗೆ ಬರ್ತಾಳೆ, ಹಿಂದಿನ ಸಾಲಲ್ಲಿ ಕೂತ್ಕೊಳ್ತಾಳೆ. ಕಣ್ಣು ಮುಚ್ಚಿ ಪ್ರಾರ್ಥಿಸೋಕೆ ಅವಳಿಗೆ ಇನ್ನೂ ಆಗ್ತಿಲ್ಲ.

ಈಗ ತಲೆ ಬಾಗಿಸೋಣ. ಯಾರ ಹೆಸರು ನಿಮ್ಮ ನೆನಪಿಗೆ ಬರ್ತಿದೆಯೋ, ಅವರಿಗೆ ಮನೆ ಸೇರೋಕೆ ಮೊದಲು ಮೆಸೇಜ್ ಮಾಡಿ. ಕರ್ತನೇ, ನಾವು ಸುಮ್ಮನಿದ್ದದ್ದನ್ನು ಕ್ಷಮಿಸು. ಯೇಸುವಿನ ನಾಮದಲ್ಲಿ, ಆಮೆನ್.