ದಾನವೂ ಪಾಲನೆಯೂ

ಸುರಪುರದ ಬಾಲರಾಜ ವೆಂಕಟಪ್ಪನಾಯಕನು ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡಾಗ, 1853ರವರೆಗೆ ಆ ಸಂಸ್ಥಾನದ ಆಡಳಿತವನ್ನು ನೋಡಿದ ಮೆಡೋಸ್ ಟೇಲರ್ ಸಾಹೇಬರು ಅವನ ಪಾಲನೆಗೆ ಹೊಣೆಯಾದರು. ಬಾಲಕನು ಅವರನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದನು. ಸಿಂಹಾಸನವುಳ್ಳ ತಬ್ಬಲಿಗೆ ಪಾಲಕರು ದೊರೆಯುವರು. ಇದೇ ಸೀಮೆಯ ಯಾದಗಿರಿ, ಶಹಾಪುರಗಳಿಂದ ಬೆಂಗಳೂರಿಗೆ ಗುಳೆಹೋದ ಕೂಲಿಕಾರನು ಮಡಿದರೆ, ಅವನ ಮಕ್ಕಳಿಗೆ ಅಪ್ಪನಾರು?

ವಿಧವೆಗೆ ಸರಕಾರದ ಮಾಸಾಶನವುಂಟು. ಅದು ಆಕೆಯ ಹಕ್ಕು, ಭಿಕ್ಷೆಯಲ್ಲ. ಆದರೆ ಗಂಜಿಗೆ ಒದಗುವ ಹಣವೊಂದೇ ಮಗುವನ್ನು ಹತ್ತಿಯ ಹೊಲದಿಂದ ಶಾಲೆಗೆ ಕರೆತರಲಾರದು. ಹಬ್ಬದಂದು ಸೀರೆ ಹಂಚಿ ಹೆಸರು ಸಾರಿಸಿಕೊಳ್ಳುವುದರಿಂದ ದಾನಿಯ ಮನಸ್ಸು ತಣಿದೀತು. ಪಡೆದವಳ ತಲೆ ತಗ್ಗುವುದು. ಒಂದು ದಿನ ಕೊಡುವುದು ದಾನ. ಮಗುವು ತನ್ನ ಕಾಲಮೇಲೆ ನಿಲ್ಲುವವರೆಗೆ ಹೊಣೆ ಹೊರುವುದು ಪಾಲನೆ. ಊರಿನ ಧರ್ಮವು ಈ ಎರಡನೆಯದರಿಂದಲೇ ಅಳೆಯಲ್ಪಡತಕ್ಕದ್ದು.